ಕುದುರೆ ಬದಲಾದರೆ ನಾದ ಬದಲಾದೀತೆ?

ತಂತಿವಾದ್ಯವನ್ನು ಕಲಿಯತೊಡಗಿದ ವಿದ್ಯಾರ್ಥಿಗೆ ಸ್ವಲ್ಪ ಕಾಲ ಕಳೆದಮೇಲೆ ಒಂದು ಸಂದೇಹ ಹುಟ್ಟುವುದು ಸಹಜ. ಗುರುಗಳ ವಾದ್ಯ ನುಡಿದಂತೆ ತನ್ನ ವಾದ್ಯ ಏಕೆ ನುಡಿಯುವುದಿಲ್ಲ? ಕೊರತೆಯಿರುವುದು ಬೆರಳಿನಲ್ಲಿಯೋ, ವಾದ್ಯದಲ್ಲಿಯೋ? ಬೆರಳಿನ ಕೊರತೆಯನ್ನು ತೀರಿಸಲು ವರ್ಷಗಳ ಸಾಧನೆ ಬೇಕು. ವಾದ್ಯದ ಕೊರತೆಯನ್ನು ತೀರಿಸಲು ಹಣವಿದ್ದರೆ ಸಾಕು. ಆದುದರಿಂದ ಎಳೆಯ ಮನಸ್ಸು ಎರಡನೆಯ ದಾರಿಯ ಕಡೆಗೇ ಒಲಿಯುತ್ತದೆ.

ನಮ್ಮ ಬೊಮ್ಮನಹಾಳಿನ ಸುತ್ತಿನ ಹಳ್ಳಿಗಳಲ್ಲಿ ಹಿಂದೆ ತಂತಿವಾದ್ಯವೆಂದರೆ ಹೆಚ್ಚಾಗಿ ಭಜನೆಯ ಏಕತಾರಿ, ತಂಬೂರಿಗಳೇ. ಈಗ ಜಾತ್ರೆ, ಗಣೇಶೋತ್ಸವಗಳಿಗೆ ಬರುವ ಆರ್ಕೆಸ್ಟ್ರಾಗಳನ್ನು ನೋಡಿ ನಮ್ಮ ಹುಡುಗರು ಗಿಟಾರನ್ನೂ, ಅದರಲ್ಲಿಯೂ ಮಂದ್ರಧ್ವನಿಯ ಬೇಸ್ ಗಿಟಾರನ್ನೂ ಕೈಗೆತ್ತಿಕೊಳ್ಳುತ್ತಿದ್ದಾರೆ. “ಮೇಷ್ಟ್ರೇ, ಹುಡುಗ ಗಿಟಾರಿನ ಬ್ರಿಡ್ಜ್ ತೆಗೆಸಿ ಬೇರೆ ಹಾಕಿಸಬೇಕು ಅಂತಾನೆ, ಕೆಲವು ಸಾವಿರ ಬೇಕಂತೆ, ಹಾಕಿಸಿದರೆ ಪ್ರಯೋಜನ ಉಂಟೇ?” ಎಂದು ನಮ್ಮನ್ನು ಕೇಳಿದ ಪೋಷಕರುಂಟು. ಮಳೆ ಬಾರದೆ ಶೇಂಗಾ ಕೈಕೊಟ್ಟ ವರ್ಷದಲ್ಲಿ ಕೆಲವು ಸಾವಿರ ರೂಪಾಯಿ ಸಣ್ಣ ಮೊತ್ತವಲ್ಲ. ‘ಬೇಡ’ ಎಂದು ಗದರಿಸಿಬಿಡುವುದೂ ಸುಲಭ, ಮಗನ ಹಟಕ್ಕೆ ಸೋತು ಸಾಲ ಮಾಡುವುದೂ ಸುಲಭ. ಅವೆರಡನ್ನೂ ಬಿಟ್ಟು, ವಿಷಯವನ್ನು ಶಾಸ್ತ್ರದೃಷ್ಟಿಯಿಂದ ವಿಚಾರಿಸಿ ನೋಡುವುದು ಈ ಲೇಖನದ ಉದ್ದೇಶ.

ಕುದುರೆಯ ಕೆಲಸಗಳು

ಇಂಗ್ಲಿಷರು ಬ್ರಿಡ್ಜ್, ಎಂದರೆ ಸೇತುವೆ, ಎಂದು ಕರೆಯುವ ಅಂಗವನ್ನು ನಮ್ಮ ಹಿರಿಯರು ಕುದುರೆಯೆಂದು ಕರೆದರು. ತಂತಿಯನ್ನು ಬೆನ್ನ ಮೇಲೆ ಹೊತ್ತು ನಿಂತಿರುವ ಅದಕ್ಕೆ ಈ ಹೆಸರು ಚೆನ್ನಾಗಿ ಒಪ್ಪುತ್ತದೆ. ಕುದುರೆಗೆ ಮುಖ್ಯವಾಗಿ ಮೂರು ಕೆಲಸಗಳಿವೆ. ತಂತಿಯನ್ನು ತಕ್ಕ ಎತ್ತರದಲ್ಲಿ ಹಿಡಿದಿರುವುದು ಮೊದಲನೆಯದು. ತಂತಿಯ ನುಡಿಯುವ ಭಾಗ ಎಲ್ಲಿಗೆ ಮುಗಿಯಬೇಕೆಂಬುದನ್ನು ಗೊತ್ತುಮಾಡುವುದು ಎರಡನೆಯದು. ತಂತಿಯ ಕಂಪನವನ್ನು ವಾದ್ಯದ ಒಡಲಿಗೆ ದಾಟಿಸುವುದು ಮೂರನೆಯದು.

ಎರಡನೆಯ ಕೆಲಸವನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳು ಸೋನೋಮೀಟರಿನ ಮೇಲೆ ನೋಡಬಹುದು. ಪೆಟ್ಟಿಗೆಯ ಮೇಲೆ ಬಿಗಿದ ತಂತಿಯ ಕೆಳಗೆ ಅತ್ತಿತ್ತ ಸರಿಸುವ ಮರದ ಬೆಣೆಗಳೇ ಅಲ್ಲಿ ಕುದುರೆಗಳು. ಬಿಗಿತವನ್ನು ಬದಲಿಸದೆ ಬೆಣೆಗಳ ನಡುವಿನ ಉದ್ದವನ್ನು ಅರ್ಧಮಾಡಿದರೆ ಕಂಪನಗಳ ಸಂಖ್ಯೆ ಇಮ್ಮಡಿಯಾಗಿ, ಮಧ್ಯಷಡ್ಜವಿದ್ದುದು ತಾರಷಡ್ಜವಾಗುತ್ತದೆ. ಕುದುರೆ ಸ್ಥಾನ ತಪ್ಪಿ ಕುಳಿತರೆ ಎಂತಹ ವಿದ್ವಾಂಸನ ಬೆರಳಿಗೂ ಸ್ವರ ಸರಿಯಾಗಿ ನಿಲ್ಲುವುದಿಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಈ ಮೂರು ಕೆಲಸಗಳಲ್ಲಿ ಯಾವುದಕ್ಕೆ ಎಷ್ಟು ಮಹತ್ವವೆಂಬುದು ವಾದ್ಯದಿಂದ ವಾದ್ಯಕ್ಕೆ ಬೇರೆಯಾಗುತ್ತದೆ. ಅದನ್ನು ತಿಳಿಯದೆ ‘ಹೊಸ ಕುದುರೆ ಒಳ್ಳೆಯದೆ, ಕೆಟ್ಟದ್ದೆ?’ ಎಂದು ಕೇಳಿದರೆ ಉತ್ತರ ದೊರೆಯದು.

ತಂಬೂರಿಯ ಕುದುರೆ

ನಮ್ಮ ತಂಬೂರಿಯ ಕುದುರೆಗೆ ಮೇಲೆ ಹೇಳಿದ ಮೂರರ ಜೊತೆಗೆ ನಾಲ್ಕನೆಯ ಕೆಲಸವೊಂದುಂಟು. ಪಿಟೀಲಿನ ಕುದುರೆಯ ನೆತ್ತಿ ತೆಳ್ಳಗೆ ಅಂಚಿನಂತಿರುತ್ತದೆ; ತಂತಿ ಅದನ್ನು ಒಂದೇ ಬಿಂದುವಿನಲ್ಲಿ ಮುಟ್ಟುತ್ತದೆ. ತಂಬೂರಿಯ ಕುದುರೆಯ ನೆತ್ತಿಯಾದರೋ ಅಗಲವಾಗಿ, ಕಣ್ಣಿಗೆ ಕಾಣದಷ್ಟು ಮೆಲ್ಲಗೆ ಇಳಿಜಾರಾಗಿರುತ್ತದೆ. ತಂತಿಯು ಕಂಪಿಸುವಾಗ ಈ ಇಳಿಜಾರನ್ನು ಸವರಿ ಸವರಿ ಮುಟ್ಟುತ್ತದೆ. ತಂತಿಗೂ ಕುದುರೆಗೂ ನಡುವೆ ಹತ್ತಿಯ ಅಥವಾ ರೇಷ್ಮೆಯ ಒಂದೆಳೆ ದಾರವನ್ನು ಸೇರಿಸಿ, ಅದನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿದಾಗ ಒಂದು ಸ್ಥಾನದಲ್ಲಿ ತಂತಿ ಥಟ್ಟನೆ ಝೇಂಕರಿಸತೊಡಗುತ್ತದೆ. ಇದಕ್ಕೆ ನಮ್ಮವರು ‘ಜೀವ’ ಎಂದು ಹೆಸರಿಟ್ಟರು. ಧಾರವಾಡದ ಕಡೆಯ ಹಿಂದೂಸ್ತಾನಿ ಗಾಯಕರು ಕುದುರೆಯ ಈ ಗುಣವನ್ನು ‘ಜವಾರಿ’ ಎನ್ನುತ್ತಾರೆ.

ಈ ಝೇಂಕಾರದ ಮರ್ಮವನ್ನು ಭೌತಶಾಸ್ತ್ರದ ಕಣ್ಣಿನಿಂದ ನೋಡಿದವರು ಸರ್ ಸಿ. ವಿ. ರಾಮನ್. ಅವರಿಗೆ ನೊಬೆಲ್ ಪಾರಿತೋಷಕ ಬಂದದ್ದು ೧೯೩೦ರಲ್ಲಿ. ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಮಂದಿರದ ನಿರ್ದೇಶಕರಾದದ್ದು ೧೯೩೩ರಲ್ಲಿ. ಅದಕ್ಕೂ ಮುಂಚೆ, ಕಲಕತ್ತೆಯಲ್ಲಿದ್ದಾಗ, ೧೯೨೧ರಲ್ಲಿ ಅವರು ತಂಬೂರಿ ಮತ್ತು ವೀಣೆಗಳ ಕುದುರೆಯನ್ನು ಕುರಿತು ಒಂದು ಚಿಕ್ಕ ಪ್ರಬಂಧವನ್ನು ಪ್ರಕಟಿಸಿದರು.

ಅವರು ತೋರಿಸಿದ ಸಂಗತಿ ಇದು. ಮೀಟಿದ ತಂತಿಯಲ್ಲಿ ಮೂಲಸ್ವರದ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನಗಳುಳ್ಳ ಉಪಸ್ವರಗಳೂ ಹುಟ್ಟುತ್ತವೆ. ತಂತಿಯನ್ನು ಸರಿಯಾಗಿ ನಡುವೆ ಮೀಟಿದರೆ ಎರಡರಷ್ಟು ಕಂಪನದ ಉಪಸ್ವರ, ಎಂದರೆ ಮೇಲಿನ ಷಡ್ಜ, ಹುಟ್ಟಬಾರದು. ಏಕೆಂದರೆ ಆ ಉಪಸ್ವರಕ್ಕೆ ತಂತಿಯ ನಡುಬಿಂದು ಅಲುಗದೆ ನಿಲ್ಲತಕ್ಕ ಸ್ಥಾನ. ಇದು ಯಂಗ್ ಮತ್ತು ಹೆಲ್ಮ್‌ಹೋಲ್ಟ್ಸ್ ಎಂಬ ಪಾಶ್ಚಾತ್ಯ ವಿದ್ವಾಂಸರು ಕಂಡ ನಿಯಮ. ಆದರೆ ಜೀವ ಕೂಡಿಸಿದ ತಂಬೂರಿಯಲ್ಲಿ ನಡುವೆ ಮೀಟಿದಾಗಲೂ ಮೇಲಿನ ಷಡ್ಜ ಗಟ್ಟಿಯಾಗಿಯೇ ಕೇಳಿಸುತ್ತದೆ. ದಾರವನ್ನು ತೆಗೆದರೆ ಅದು ಉಡುಗುತ್ತದೆ, ಮತ್ತೆ ಇಟ್ಟರೆ ಮತ್ತೆ ಹುಟ್ಟುತ್ತದೆ. ಹೀಗೆ ಪುಸ್ತಕದ ನಿಯಮವನ್ನು ಮೀರಿ ಉಪಸ್ವರಗಳನ್ನು ಎಬ್ಬಿಸುವ ಶಕ್ತಿ ನಮ್ಮ ಕುದುರೆಯ ಇಳಿಜಾರಿಗೂ ಆ ಒಂದೆಳೆ ದಾರಕ್ಕೂ ಇದೆಯೆಂಬುದು ಸಿದ್ಧವಾಯಿತು.

ಆದುದರಿಂದ ತಂಬೂರಿಯ ವಿಷಯದಲ್ಲಿ ‘ಕುದುರೆ ಬದಲಾದರೆ ನಾದ ಬದಲಾದೀತೆ?’ ಎಂಬ ಪ್ರಶ್ನೆಗೆ ‘ನಿಶ್ಚಯವಾಗಿ ಬದಲಾದೀತು’ ಎಂಬುದೇ ಉತ್ತರ. ಆದರೆ ಇಲ್ಲಿಯೂ ಒಂದು ಎಚ್ಚರಿಕೆ ಬೇಕು. ವರ್ಷಗಟ್ಟಲೆ ಮೀಟಿದ ತಂಬೂರಿಯ ಕುದುರೆಯಲ್ಲಿ ತಂತಿ ಕೊರೆದು ಗೆರೆ ಬೀಳುತ್ತದೆ. ಆಗ ನಾದ ಮಂಕಾಗುತ್ತದೆ. ಇದಕ್ಕೆ ಬಹುಪಾಲು ಹೊಸ ಕುದುರೆಯೇ ಬೇಕಾಗುವುದಿಲ್ಲ. ಬಲ್ಲವನು ನೆತ್ತಿಯನ್ನು ಅರದಿಂದ ಸವರಿ ಇಳಿಜಾರನ್ನು ಸರಿಪಡಿಸಿದರೆ ಸಾಕು. ಸಿತಾರ್ ಮತ್ತು ತಂಬೂರಿಗಳಿಗೆ ಹೆಸರಾದ, ಅವುಗಳಿಗಾಗಿ ೨೦೨೪ರಲ್ಲಿ ಭೌಗೋಳಿಕ ಸೂಚಿಕೆಯನ್ನೂ ಪಡೆದ ಮಿರಜದ ಕುಶಲಿಗಳಿಗೆ ಈ ಜವಾರಿಯ ಕೆಲಸವೇ ದೊಡ್ಡ ವಿದ್ಯೆ. ಮನೆಯಲ್ಲಿ ಹಿರಿಯರ ಕಾಲದ ತಂಬೂರಿಯಿದ್ದರೆ ಮಕ್ಕಳು ಅದರ ಕುದುರೆಗೆ ಉಪ್ಪುಕಾಗದ ಹಚ್ಚಕೂಡದು. ಸವೆದುಹೋದ ಇಳಿಜಾರನ್ನು ಮರಳಿ ಕೂಡಿಸಲು ಬಾರದು.

ಪಿಟೀಲಿನಿಂದ ಕಲಿಯತಕ್ಕ ಪಾಠ

ಪಿಟೀಲಿನಲ್ಲಿ ಕುದುರೆಯ ಮೂರನೆಯ ಕೆಲಸ, ಎಂದರೆ ಕಂಪನವನ್ನು ಒಡಲಿಗೆ ದಾಟಿಸುವುದು, ಪ್ರಧಾನವಾದುದು. ತಂತಿಯೊಂದೇ ಕಂಪಿಸಿದರೆ ಗಾಳಿ ಹೆಚ್ಚು ಅಲುಗದು. ಒಡಲಿನ ತೆಳುಹಲಗೆ ಕಂಪಿಸಬೇಕು. ಪಿಟೀಲಿನ ಕುದುರೆಯ ತಲೆಗೆ ಸಣ್ಣ ಭಾರವೊಂದನ್ನು ಸಿಕ್ಕಿಸಿದರೆ ಧ್ವನಿ ಕೂಡಲೆ ಅಡಗುತ್ತದೆ. ಮೆಲುದನಿ ಬೇಕಾದಾಗ ವಾದಕರು ‘ಮ್ಯೂಟ್’ ಎಂಬ ತುಂಡನ್ನು ಸಿಕ್ಕಿಸುವುದು ಇದಕ್ಕಾಗಿಯೇ. ‘ಕುದುರೆ ಭಾರವಾದಷ್ಟೂ ನಾದ ಚೆನ್ನ’ ಎಂಬ ಮಾತು ಎಲ್ಲ ವಾದ್ಯಗಳಿಗೂ ಸಲ್ಲುವುದಿಲ್ಲವೆಂಬುದಕ್ಕೆ ಇದೊಂದೇ ಸಾಕು.

ವಾದ್ಯವನ್ನು ಬದಲಿಸುವುದೇ ತಪ್ಪೆಂದು ನಾವು ಹೇಳುವುದಿಲ್ಲ. ಬಿಡಾರಂ ಕೃಷ್ಣಪ್ಪನವರ ಶಿಷ್ಯರಾಗಿ, ಮೈಸೂರಿನ ಆಸ್ಥಾನ ವಿದ್ವಾಂಸರಾಗಿದ್ದ ಟಿ. ಚೌಡಯ್ಯನವರು (೧೮೯೫–೧೯೬೭) ಪಿಟೀಲಿನ ನಾಲ್ಕು ತಂತಿಗಳಿಗೆ ಇನ್ನೂ ಮೂರನ್ನು ಕೂಡಿಸಿ ಏಳು ತಂತಿಯ ಪಿಟೀಲನ್ನು ರೂಪಿಸಿದರು. ಧ್ವನಿವರ್ಧಕ ಬಳಕೆಗೆ ಬಾರದ ಕಾಲದಲ್ಲಿ ಪಿಟೀಲಿನ ಧ್ವನಿ ಸಭೆಯ ಹಿಂಭಾಗದವರಿಗೆ ಸರಿಯಾಗಿ ಕೇಳಿಸುತ್ತಿರಲಿಲ್ಲ; ಆ ಕೊರತೆಯನ್ನು ನೀಗುವುದೇ ಅವರ ಉದ್ದೇಶ. ಏನು ಕೊರತೆ, ಯಾವ ಬದಲಾವಣೆಯಿಂದ ಅದು ತೀರುತ್ತದೆ ಎಂಬುದು ಅವರಿಗೆ ಮೊದಲೇ ಗೊತ್ತಿತ್ತು. ಬದಲಾವಣೆ ಆಮೇಲೆ ಬಂದಿತು. ನಮ್ಮ ಹುಡುಗರು ಗಮನಿಸಬೇಕಾದದ್ದು ಈ ಕ್ರಮವನ್ನು.

ಬೇಸ್ ಗಿಟಾರಿನ ಬ್ರಿಡ್ಜ್

ಇನ್ನು ಪೋಷಕರು ಕೇಳಿದ ಪ್ರಶ್ನೆಗೆ ಬರೋಣ. ವಿದ್ಯುತ್ತಿನ ಬೇಸ್ ಗಿಟಾರ್ ಜನಪ್ರಿಯವಾದದ್ದು ೧೯೫೧ರಲ್ಲಿ ಅಮೆರಿಕದ ಲಿಯೋ ಫೆಂಡರ್ ಎಂಬಾತ ತಯಾರಿಸಿದ ವಾದ್ಯದಿಂದ. ಆತನ ಗಿಟಾರಿನಲ್ಲಿ ತಂತಿಯ ನುಡಿಯುವ ಉದ್ದ ೩೪ ಅಂಗುಲ. ನಾಲ್ಕು ತಂತಿಗಳು ಕ್ರಮವಾಗಿ ಸೆಕೆಂಡಿಗೆ ಸುಮಾರು ೪೧, ೫೫, ೭೩ ಮತ್ತು ೯೮ ಸಲ ಕಂಪಿಸುತ್ತವೆ. ಸೊಂಪಾದ ಒಡಲಿಗೆ ಬದಲಾಗಿ ಅದಕ್ಕಿರುವುದು ಗಟ್ಟಿಯಾದ ಮರದ ಹಲಗೆ. ತಂತಿಗಳ ಕೆಳಗೆ ಆಯಸ್ಕಾಂತವೂ ತಾಮ್ರದ ಸುರುಳಿಯೂ ಇರುವ ‘ಪಿಕಪ್’ ಇರುತ್ತದೆ. ಉಕ್ಕಿನ ತಂತಿ ಅದರ ಮೇಲೆ ಅಲುಗಿದಾಗ ಸುರುಳಿಯಲ್ಲಿ ವಿದ್ಯುತ್ತು ಹುಟ್ಟಿ ಆಂಪ್ಲಿಫೈಯರಿಗೆ ಹೋಗುತ್ತದೆ. ಎಂದರೆ, ಕಂಪನವನ್ನು ಒಡಲಿಗೆ ದಾಟಿಸಿ ಧ್ವನಿಯನ್ನು ಬೆಳೆಸುವ ಭಾರ ಇಲ್ಲಿ ಕುದುರೆಯ ಮೇಲಿಲ್ಲ. ತಂಬೂರಿಯ ಕುದುರೆಯ ನಾಲ್ಕನೆಯ ಕೆಲಸವೂ ಇಲ್ಲಿಲ್ಲ. ಉಳಿದವು ಎರಡೇ: ತಂತಿಯ ಎತ್ತರವನ್ನೂ ಉದ್ದವನ್ನೂ ಗೊತ್ತುಮಾಡುವುದು.

ಸಾಮಾನ್ಯ ಗಿಟಾರುಗಳಲ್ಲಿ ಈ ಬ್ರಿಡ್ಜ್ ಬಗ್ಗಿಸಿದ ಉಕ್ಕಿನ ತಗಡು. ಅದರ ಮೇಲೆ ಪ್ರತಿಯೊಂದು ತಂತಿಗೂ ಒಂದೊಂದು ಸಣ್ಣ ಪೀಠ. ಅದಕ್ಕೆ ‘ಸ್ಯಾಡಲ್’, ಎಂದರೆ ಜೀನು, ಎಂದು ಹೆಸರು. ಕುದುರೆಗೆ ತಕ್ಕ ಜೀನು! ಅದರ ತಿರುಪುಗಳನ್ನು ತಿರುಗಿಸಿ ತಂತಿಯನ್ನು ಏರಿಸಬಹುದು, ಇಳಿಸಬಹುದು, ಹಿಂದೆ ಮುಂದೆ ಸರಿಸಬಹುದು. ಅಂಗಡಿಯವರು ಹೊಗಳುವ ಹೊಸ ಬ್ರಿಡ್ಜ್ ಹಿತ್ತಾಳೆ ಮೊದಲಾದ ಲೋಹದ ದಪ್ಪ ಎರಕ. ಭಾರವಾದ ಬ್ರಿಡ್ಜ್ ತಂತಿಯ ಶಕ್ತಿಯನ್ನು ಮರಕ್ಕೆ ಕಡಮೆ ಬಿಟ್ಟುಕೊಡುವುದರಿಂದ ನಾದ ತುಸು ಹೆಚ್ಚು ಹೊತ್ತು ನಿಲ್ಲಬಹುದೆಂಬ ವಾದದಲ್ಲಿ ಸತ್ಯಾಂಶವಿದೆ. ಆದರೆ ಹಳೆಯ ತಗಡೂ ಗಟ್ಟಿಹಲಗೆಗೆ ತಿರುಪಿನಿಂದ ಬಿಗಿದೇ ಇರುವುದರಿಂದ ದೊರೆಯುವ ಲಾಭ ಅಲ್ಪ. ಆ ಅಲ್ಪ ಭೇದ ಕೇಳಿಸುತ್ತದೆಯೆ ಎಂಬುದರಲ್ಲಿ ನುರಿತ ವಾದಕರಲ್ಲಿಯೇ ಏಕಾಭಿಪ್ರಾಯವಿಲ್ಲ. ಡೋಲು, ಕೀಬೋರ್ಡುಗಳ ನಡುವೆ ಬಯಲಿನಲ್ಲಿ ಕುಳಿತ ಶ್ರೋತೃಗಳಿಗಂತೂ ಅದು ಕೇಳಿಸುವುದು ಕಷ್ಟ.

ಹಣ ಕೊಡುವುದಕ್ಕೆ ಮೊದಲು

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆ ಎಲ್ಲರಿಗೂ ಗೊತ್ತು. ಆದರೆ ಕೆಲವೊಮ್ಮೆ ನೆಲ ನಿಜವಾಗಿಯೂ ಡೊಂಕಾಗಿರುವುದುಂಟು. ಮಗನನ್ನು ಬೈಯುವುದಕ್ಕೆ ಮುಂಚೆ ನೆಲವನ್ನು ಅಳೆದು ನೋಡುವುದು ನ್ಯಾಯ. ಅದಕ್ಕೆ ಈ ಕ್ರಮವನ್ನು ಅನುಸರಿಸಬಹುದು.

ಮೊದಲನೆಯದಾಗಿ, ತಂತಿಗಳನ್ನು ನೋಡಬೇಕು. ಬೆವರು, ಧೂಳು, ತುಕ್ಕು ಹಿಡಿದ ಹಳೆಯ ತಂತಿ ಮಂಕಾಗಿ ನುಡಿಯುತ್ತದೆ. ಹೊಸ ತಂತಿಗಳನ್ನು ಕಟ್ಟಿದರೆ ಕೇಳಿಸುವ ಭೇದ ಹೊಸ ಬ್ರಿಡ್ಜಿನಿಂದ ಕೇಳಿಸುವುದಕ್ಕಿಂತ ಬಹಳ ಹೆಚ್ಚು.

ಎರಡನೆಯದಾಗಿ, ಸ್ವರದ ನೆಲೆಯನ್ನು ಪರೀಕ್ಷಿಸಬೇಕು. ೧೨ನೆಯ ಫ್ರೆಟ್ಟಿನ ನೇರದಲ್ಲಿ ತಂತಿಯನ್ನು ಹಗುರವಾಗಿ ಮುಟ್ಟಿ ಮೀಟಿದಾಗ ಬರುವ ಸ್ವರವೂ, ಅದೇ ಫ್ರೆಟ್ಟನ್ನು ಒತ್ತಿ ಮೀಟಿದಾಗ ಬರುವ ಸ್ವರವೂ ಒಂದೇ ಆಗಿರಬೇಕು. ೫೫ ಕಂಪನಗಳ ತಂತಿಯಲ್ಲಿ ಎರಡೂ ೧೧೦ ಆಗಬೇಕು. ಒತ್ತಿದ ಸ್ವರ ಏರಿದ್ದರೆ ಸ್ಯಾಡಲನ್ನು ಹಿಂದಕ್ಕೆ ಸರಿಸಿ ತಂತಿಯನ್ನು ಉದ್ದಮಾಡಬೇಕು; ಇಳಿದಿದ್ದರೆ ಮುಂದಕ್ಕೆ ಸರಿಸಬೇಕು. ಒಂದು ತಿರುಪುಳಿಯಿದ್ದರೆ ಇದು ಖರ್ಚಿಲ್ಲದ ಕೆಲಸ.

ಮೂರನೆಯದಾಗಿ, ತಂತಿಯ ಎತ್ತರವನ್ನೂ ದಂಡಿಯ ಬಾಗನ್ನೂ ಬಲ್ಲವರಿಗೆ ತೋರಿಸಬೇಕು. ತಂತಿ ಬಹಳ ಎತ್ತರದಲ್ಲಿದ್ದರೆ ಬೆರಳು ನೋಯುತ್ತದೆ, ತೀರ ತಗ್ಗಿನಲ್ಲಿದ್ದರೆ ಕರಕರ ಸದ್ದು ಬರುತ್ತದೆ.

ಇಷ್ಟಾದಮೇಲೆ, ತಿರುಪುಗಳು ತುಕ್ಕು ಹಿಡಿದು ಅಲುಗದಿದ್ದರೆ, ಸ್ಯಾಡಲ್ ನುಡಿಸುವಾಗ ತಾನೇ ಜಾರುತ್ತಿದ್ದರೆ, ತಗಡು ಮರದಿಂದ ಎದ್ದು ಬಂದಿದ್ದರೆ, ಅಥವಾ ಎಷ್ಟು ಸರಿಸಿದರೂ ಸ್ವರ ನೆಲೆಗೆ ಬಾರದಿದ್ದರೆ ಹೊಸ ಬ್ರಿಡ್ಜ್ ಹಾಕಿಸುವುದು ಯೋಗ್ಯವಾದ ಖರ್ಚು. ಆಗಲೂ ತಿರುಪಿನ ತೂತುಗಳು ಹಳೆಯವಕ್ಕೆ ಹೊಂದುತ್ತವೆಯೆ ಎಂಬುದನ್ನು ಅಳೆದು ಕೊಳ್ಳಬೇಕು. ಈ ಯಾವ ದೋಷವೂ ಇಲ್ಲದೆ, ನಾದ ತನಗೆ ತಾನೆ ಸುಧಾರಿಸೀತೆಂಬ ಆಸೆಯಿಂದ ಹಾಕಿಸುವುದಾದರೆ ಆ ಹಣವನ್ನು ಒಳ್ಳೆಯ ತಂತಿಗಳಿಗೂ, ಬಲ್ಲ ಗುರುವಿನ ಬಳಿ ಕೆಲವು ತಿಂಗಳ ಪಾಠಕ್ಕೂ ಕೊಡುವುದು ಮೇಲು.

ಪೋಷಕರಲ್ಲಿ ನಮ್ಮದೊಂದು ವಿಜ್ಞಾಪನೆ. ಮಗ ಕೇಳಿದ್ದನ್ನು ಕೊಡಿಸಲಾಗದಿದ್ದರೆ ಸಂಕೋಚಪಡಬೇಡಿ. ಆದರೆ ಅವನ ಪ್ರಶ್ನೆಯನ್ನು ತಳ್ಳಿಹಾಕಬೇಡಿ. ಅವನ ಪಕ್ಕದಲ್ಲಿ ಕುಳಿತು, ಮೇಲೆ ಹೇಳಿದಂತೆ ತಂತಿಯನ್ನು ಮುಟ್ಟಿಸಿ, ಒತ್ತಿಸಿ, ಎರಡು ಸ್ವರಗಳನ್ನೂ ನೀವೂ ಕೇಳಿ. ಭೇದವನ್ನು ಗುರುತಿಸಬಲ್ಲ ಕಿವಿ ಹುಡುಗನಿಗೆ ಬಂದರೆ ಯಾವ ಬದಲಾವಣೆ ಬೇಕು, ಯಾವುದು ಬೇಡ ಎಂಬುದನ್ನು ಅವನೇ ಹೇಳಬಲ್ಲನು.

ವಿದ್ಯಾರ್ಥಿಗಳಿಗೆ ಪ್ರಶ್ನೆಗಳು

೧. ಕುದುರೆಯ ಮೂರು ಕೆಲಸಗಳಾವುವು? ತಂಬೂರಿಯ ಕುದುರೆಗಿರುವ ನಾಲ್ಕನೆಯ ಕೆಲಸ ಯಾವುದು?

೨. ಸೋನೋಮೀಟರಿನಲ್ಲಿ ೬೦ ಸೆಂಟಿಮೀಟರ್ ಉದ್ದದ ತಂತಿ ಸೆಕೆಂಡಿಗೆ ೧೨೮ ಸಲ ಕಂಪಿಸಿದರೆ, ಅದೇ ಬಿಗಿತದಲ್ಲಿ ೪೦ ಸೆಂಟಿಮೀಟರ್ ಉದ್ದಕ್ಕೆ ಎಷ್ಟು ಸಲ ಕಂಪಿಸುವುದು?

೩. ಭಜನೆಯ ತಂಬೂರಿಯೊಂದನ್ನು ಹಿರಿಯರ ಅನುಮತಿ ಪಡೆದು ನುಡಿಸಿ ನೋಡಿರಿ. ತಂತಿಯನ್ನು ನಡುವೆ ಮೀಟಿ, ಕೂಡಲೆ ಅದೇ ಸ್ಥಾನವನ್ನು ಹಗುರವಾಗಿ ಮುಟ್ಟಿರಿ. ಜೀವದ ದಾರವಿದ್ದಾಗ ಉಳಿಯುವ ಸ್ವರವಾವುದು? ದಾರವನ್ನು ತೆಗೆದಾಗ ಏನಾಗುತ್ತದೆ?

೪. ಪಿಟೀಲಿನ ಕುದುರೆಗೆ ಭಾರ ಸಿಕ್ಕಿಸಿದರೆ ಧ್ವನಿ ಅಡಗುವುದೇಕೆ? ಬೇಸ್ ಗಿಟಾರಿನಲ್ಲಿ ಹಾಗಾಗದಿರಲು ಕಾರಣವೇನು?