ದಾವೀದನು ಕುಡಿಯದ ನೀರು

ಓದಿಗೆ: 2 ಸಮುವೇಲ 23:13-17, ಗಲಾತ್ಯರಿಗೆ 6:2-5



ಪೆಟ್ರೋಲ್ ಬಂಕಿನಲ್ಲಿ ಸರದಿಗೆ ನಿಂತು ಗೊಣಗದವರು ನಮ್ಮಲ್ಲಿ ಯಾರಿದ್ದಾರೆ? "ಎಲ್ಲೋ ಯಾರೋ ಕಾದಾಡಿದರೆ ನಾವೇಕೆ ದಂಡ ತೆರಬೇಕು?" ಎಂದು ಒಬ್ಬರು ಕೇಳುತ್ತಾರೆ. "ಏನು ಮಾಡುವುದು, ಸಹಿಸಿಕೊಳ್ಳಬೇಕಷ್ಟೆ" ಎಂದು ಇನ್ನೊಬ್ಬರು ನಿಟ್ಟುಸಿರು ಬಿಡುತ್ತಾರೆ. ಸಹನೆ ಕ್ರೈಸ್ತರಾದ ನಮಗೆ ಹೊಸ ಪದವಲ್ಲ. ಚಿಕ್ಕಂದಿನಿಂದಲೂ ಧರ್ಮೋಪದೇಶದಲ್ಲಿ ಅದನ್ನು ಕಲಿತಿದ್ದೇವೆ. ಆದರೆ ಯುದ್ಧಕಾಲದ ಇಂಧನ ಬೆಲೆಯನ್ನು ಸಹಿಸಿಕೊಳ್ಳುವುದು ಒಂದು ಸದ್ಗುಣವೇ, ಅಥವಾ ಬರೀ ಅಸಹಾಯಕತೆಯೇ? ಯಾರು, ಯಾರಿಗಾಗಿ ಸಹಿಸಬೇಕು? ಈ ವಾರ ಇದನ್ನು ಕುಟುಂಬದವರೆಲ್ಲ ಕುಳಿತು ಆಲೋಚಿಸೋಣ.

ದೂರದ ಯುದ್ಧ, ಹತ್ತಿರದ ಬೆಲೆ

ಕಚ್ಚಾ ತೈಲವನ್ನು ಬ್ಯಾರೆಲ್ ಲೆಕ್ಕದಲ್ಲಿ ಮಾರುತ್ತಾರೆ. ಒಂದು ಬ್ಯಾರೆಲ್ ಎಂದರೆ ಸುಮಾರು 159 ಲೀಟರು. ಇದರ ಬೆಲೆ ಒಂದೊಂದು ದೇಶಕ್ಕೆ ಪೂರಾ ಬೇರೆಯಾಗಿರುವುದಿಲ್ಲ. ಇಡೀ ಲೋಕವೇ ಅದಕ್ಕೆ ಒಂದು ಸಂತೆ. ಸಂತೆಯ ಒಂದು ಮೂಲೆಯಲ್ಲಿ ಜಗಳವೆದ್ದರೆ ಸಾಕು, ನಾಳೆ ಸರಕು ಸಿಗುವುದೋ ಇಲ್ಲವೋ ಎಂಬ ಭಯದಿಂದ ಎಲ್ಲ ಕಡೆ ಬೆಲೆ ಏರುತ್ತದೆ. ಹಡಗಿನ ಬಾಡಿಗೆ, ವಿಮೆಯ ಕಂತು ಕೂಡ ಏರುತ್ತವೆ. ನಮ್ಮ ದೇಶವು ತನಗೆ ಬೇಕಾದ ಕಚ್ಚಾ ತೈಲದಲ್ಲಿ ಶೇಕಡಾ 85ಕ್ಕೂ ಹೆಚ್ಚು ಪಾಲನ್ನು ಹೊರಗಿನಿಂದ ತರಿಸಿಕೊಳ್ಳುವುದರಿಂದ ಆ ಪೆಟ್ಟು ನಮಗೂ ತಗಲುತ್ತದೆ.

ನಮ್ಮ ಕರಾವಳಿಯ ಹಿರಿಯರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. 1990ರ ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತಿಗೆ ನುಗ್ಗಿತು. ಜುಲೈ ತಿಂಗಳಲ್ಲಿ ಬ್ಯಾರೆಲಿಗೆ ಸುಮಾರು 20 ಡಾಲರಿನ ಆಸುಪಾಸಿನಲ್ಲಿದ್ದ ಬೆಲೆ ಅಕ್ಟೋಬರ್ ಹೊತ್ತಿಗೆ 40 ಡಾಲರ್ ಮುಟ್ಟಿತು. ವಿದೇಶಿ ವಿನಿಮಯ ಬರಿದಾದಾಗ 1991ರಲ್ಲಿ ಭಾರತವು ತನ್ನ ಚಿನ್ನವನ್ನೇ ಒತ್ತೆ ಇಡಬೇಕಾಯಿತು. ಅವಿಭಜಿತ ದಕ್ಷಿಣ ಕನ್ನಡದ ಎಷ್ಟೋ ಮನೆಗಳಲ್ಲಿ ಆಗಿನ ಚಿಂತೆ ಎಣ್ಣೆಯದಾಗಿರಲಿಲ್ಲ. ಕುವೈತಿನಲ್ಲಿದ್ದ ಮಗನದು, ಗಂಡನದು. ಅಮ್ಮಾನಿನಿಂದ ಹಾರಿದ ವಿಮಾನಗಳಲ್ಲಿ ಒಂದೂವರೆ ಲಕ್ಷಕ್ಕೂ ಮಿಕ್ಕಿದ ಭಾರತೀಯರು ಬರಿಗೈಯಲ್ಲಿ ತಾಯ್ನಾಡಿಗೆ ಮರಳಿದರು. ಬೆಲೆಯ ಹಿಂದೆ ಮನುಷ್ಯರಿದ್ದಾರೆ ಎಂಬುದನ್ನು ಆ ಮನೆಗಳು ಅಂದೇ ಕಂಡುಕೊಂಡವು.

ಬಾವಿಯ ನೀರಿನ ಬೆಲೆ

ಈಗ ಶ್ರೀಗ್ರಂಥವನ್ನು ತೆರೆಯೋಣ. ಸಮುವೇಲನ ಎರಡನೆಯ ಗ್ರಂಥದ ಕೊನೆಯ ಭಾಗದಲ್ಲಿ ಒಂದು ಚಿಕ್ಕ ಘಟನೆ ಇದೆ. ಸುಗ್ಗಿಯ ಕಾಲ. ದಾವೀದನು ಅದುಲ್ಲಾಮಿನ ಗವಿಯಲ್ಲಿದ್ದಾನೆ. ಅವನು ಹುಟ್ಟಿ ಬೆಳೆದ ಬೆತ್ಲೆಹೇಮ್ ಫಿಲಿಷ್ಟಿಯರ ಕೈಯಲ್ಲಿದೆ. ಬಾಯಾರಿದ ದಾವೀದನಿಗೆ ಊರಬಾಗಿಲ ಬಳಿಯ ಬಾವಿಯ ನೆನಪಾಗುತ್ತದೆ. ಆ ನೀರು ಸಿಕ್ಕಿದ್ದರೆ ಎಂದು ಬಾಯಿಬಿಟ್ಟು ಹೇಳಿಬಿಡುತ್ತಾನೆ. ಅದು ಆಜ್ಞೆಯಲ್ಲ, ಬರೀ ಆಸೆ. ಆದರೂ ಮೂವರು ವೀರರು ಶತ್ರುಗಳ ಪಾಳೆಯವನ್ನು ಭೇದಿಸಿ ಹೋಗಿ ನೀರು ಸೇದಿ ತರುತ್ತಾರೆ.

ದಾವೀದನು ಅದನ್ನು ಕುಡಿಯಲಿಲ್ಲ. ಪ್ರಾಣದ ಹಂಗು ತೊರೆದು ಹೋದವರ ರಕ್ತವನ್ನು ತಾನು ಹೇಗೆ ಕುಡಿಯಲಿ ಎಂದು ಹೇಳಿ, ಆ ನೀರನ್ನು ಸರ್ವೇಶ್ವರನ ಸನ್ನಿಧಿಯಲ್ಲಿ ಸುರಿದುಬಿಟ್ಟನು.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಿರಿ. ಒಂದು, ದಾವೀದನು ಕೈಗೆ ಬಂದ ವಸ್ತುವಿನ ನಿಜವಾದ ಬೆಲೆಯನ್ನು ಕಂಡನು. ಕಣ್ಣಿಗೆ ಅದು ಬರೀ ನೀರು. ಆದರೆ ಅದರ ಹಿಂದೆ ಮೂವರ ಪ್ರಾಣವಿತ್ತು. ಎರಡು, ಅವನು ಸುರಿದದ್ದು ತನ್ನ ಪಾಲಿನ ನೀರನ್ನು. ಬಾಯಾರಿಕೆಯನ್ನು ತಾನೇ ಅನುಭವಿಸಿದನು. ಸೈನಿಕರ ಬಟ್ಟಲನ್ನು ಕಿತ್ತುಕೊಂಡು ಸುರಿಯಲಿಲ್ಲ. ನಮ್ಮ ಪ್ರಶ್ನೆಗೆ ಉತ್ತರ ಈ ಎರಡು ಸಂಗತಿಗಳಲ್ಲೇ ಇದೆ.

ಯೂರೋಪಿನ ಒಂದು ಚಳಿಗಾಲ

2022ರ ಫೆಬ್ರವರಿ 24ರಂದು ರಷ್ಯಾ ಉಕ್ರೇನಿನ ಮೇಲೆ ದಂಡೆತ್ತಿ ಹೋಯಿತು. ಅಂದಿನ ಜಗದ್ಗುರು ಫ್ರಾನ್ಸಿಸರು ಆ ವರ್ಷದ ವಿಭೂತಿ ಬುಧವಾರವನ್ನು, ಅಂದರೆ ಮಾರ್ಚ್ 2ನ್ನು, ಶಾಂತಿಗಾಗಿ ಉಪವಾಸ ಮತ್ತು ಪ್ರಾರ್ಥನೆಯ ದಿನವಾಗಿ ಆಚರಿಸಲು ಕರೆಕೊಟ್ಟರು. ಯೂರೋಪಿನ ಜನರಿಗೆ ಆ ಉಪವಾಸವು ಒಂದು ದಿನಕ್ಕೆ ಮುಗಿಯಲಿಲ್ಲ.

2021ರಲ್ಲಿ ಯೂರೋಪ್ ಒಕ್ಕೂಟವು ಹೊರಗಿನಿಂದ ತರಿಸಿಕೊಳ್ಳುತ್ತಿದ್ದ ನೈಸರ್ಗಿಕ ಅನಿಲದಲ್ಲಿ ಸುಮಾರು ಶೇಕಡಾ 40 ರಷ್ಯಾದಿಂದಲೇ ಬರುತ್ತಿತ್ತು. ಜರ್ಮನಿಯಲ್ಲಿ ಅರ್ಧಕ್ಕೂ ಹೆಚ್ಚು. ಅಗ್ಗದ ಅನಿಲದಿಂದ ಮನೆ ಬೆಚ್ಚಗಿತ್ತು. ಆದರೆ ಅದಕ್ಕೆ ತೆತ್ತ ಹಣ ಯಾವ ಖಜಾನೆ ಸೇರುತ್ತಿದೆ, ಆ ಖಜಾನೆ ಯಾವ ಫಿರಂಗಿಗೆ ಮದ್ದು ತುಂಬುತ್ತಿದೆ ಎಂದು ಜನ ಕೇಳತೊಡಗಿದರು. ಆ ಪ್ರಶ್ನೆ ದಾವೀದನ ಪ್ರಶ್ನೆಯೇ ಆಗಿತ್ತು.

ಇಲ್ಲೊಂದು ಎಚ್ಚರಿಕೆಯ ಮಾತು. ಬೆಲೆ ಏರಿದಾಗ ಸುಮ್ಮನೆ ಹೆಚ್ಚು ಹಣ ಕೊಟ್ಟುಬಿಟ್ಟರೆ ತ್ಯಾಗ ಮಾಡಿದಂತಾಗುವುದಿಲ್ಲ. ಯುದ್ಧದ ಮೊದಲ ತಿಂಗಳುಗಳಲ್ಲಿ ಬೆಲೆ ಏರಿದ ಕಾರಣದಿಂದಲೇ ರಷ್ಯಾದ ತೈಲ ಮತ್ತು ಅನಿಲದ ವರಮಾನ ಹೆಚ್ಚಿತು. ಬಳಕೆ ತಗ್ಗಿದರೆ ಮಾತ್ರ ಸಹನೆಗೆ ಅರ್ಥ ಬರುತ್ತದೆ. ಇದನ್ನರಿತು ಯೂರೋಪ್ ಒಕ್ಕೂಟದ ದೇಶಗಳು 2022ರ ಆಗಸ್ಟಿನಿಂದ 2023ರ ಮಾರ್ಚ್‌ವರೆಗೆ ಅನಿಲದ ಬಳಕೆಯನ್ನು ಶೇಕಡಾ 15ರಷ್ಟು ಕಡಿಮೆ ಮಾಡಲು ಒಪ್ಪಿಕೊಂಡವು. ಜರ್ಮನಿಯ ಸರಕಾರಿ ಕಚೇರಿಗಳಲ್ಲಿ ಕೋಣೆಯ ಬಿಸಿಯನ್ನು 19 ಡಿಗ್ರಿಗೆ ಮಿತಿಗೊಳಿಸಲಾಯಿತು. ಪ್ಯಾರಿಸಿನ ಐಫೆಲ್ ಗೋಪುರದ ದೀಪಗಳು ಒಂದು ತಾಸಿಗೂ ಮುಂಚೆ ಆರಿದವು. ಜರ್ಮನಿಯ ಅನೇಕ ಚರ್ಚುಗಳಲ್ಲಿ ಹೀಟರನ್ನು ತಗ್ಗಿಸಲಾಯಿತು. ಭಕ್ತರು ಕೋಟು ತೊಟ್ಟೇ ಬಲಿಪೂಜೆಯಲ್ಲಿ ಭಾಗವಹಿಸಿದರು. ಕೊನೆಗೆ ಬಳಕೆಯಲ್ಲಿ ಸುಮಾರು ಶೇಕಡಾ 18ರಷ್ಟು ಇಳಿತವಾಯಿತು. ಆ ವರ್ಷ ಚಳಿ ಕಡಿಮೆಯಿತ್ತು, ಕೆಲವು ಕಾರ್ಖಾನೆಗಳೂ ಉತ್ಪಾದನೆ ತಗ್ಗಿಸಿದ್ದವು, ನಿಜ. ಆದರೂ ಲಕ್ಷಾಂತರ ಮನೆಗಳು ಬೇಕೆಂದೇ ಸ್ವಲ್ಪ ಚಳಿಯನ್ನು ತಾಳಿಕೊಂಡವು ಎಂಬುದೂ ಅಷ್ಟೇ ನಿಜ.

ಯಾರ ಬಟ್ಟಲು?

ಇನ್ನು ಕಥೆಯ ಇನ್ನೊಂದು ಮಗ್ಗುಲು. ರಷ್ಯಾದ ಅನಿಲ ತಪ್ಪಿದಾಗ ಯೂರೋಪ್ ಹಡಗುಗಳಲ್ಲಿ ಬರುವ ಅನಿಲವನ್ನು ಹೆಚ್ಚಿನ ಬೆಲೆಗೆ ಕೊಂಡಿತು. ಅಷ್ಟು ಬೆಲೆ ತೆರಲಾಗದ ದೇಶಗಳಿಗೆ ಅನಿಲ ಸಾಲದಾಯಿತು. ಬಾಂಗ್ಲಾದೇಶದಲ್ಲಿ 2022ರ ಜುಲೈಯಿಂದ ದಿನವೂ ಸರದಿಯ ಪ್ರಕಾರ ವಿದ್ಯುತ್ ಕಡಿತ ಮಾಡಬೇಕಾಯಿತು. ಆಗಸ್ಟಿನಲ್ಲಿ ಅಲ್ಲಿ ಡೀಸೆಲ್ ಮತ್ತು ಸೀಮೆಎಣ್ಣೆಯ ಬೆಲೆ ಲೀಟರಿಗೆ 80 ಟಾಕಾದಿಂದ ಒಮ್ಮೆಲೇ 114 ಟಾಕಾಕ್ಕೆ ಏರಿತು. ಡೀಸೆಲ್ ಪಂಪಿನಿಂದ ಗದ್ದೆಗೆ ನೀರು ಹಾಯಿಸುವ ರೈತನನ್ನು ಯಾರೂ ಕೇಳಿರಲಿಲ್ಲ. ಅವನ ಬಟ್ಟಲು ಅವನಿಗೆ ತಿಳಿಯದಂತೆ ಬರಿದಾಯಿತು.

ಅದೇ ವರ್ಷ ಶೆಲ್ ಕಂಪನಿಯ ಲಾಭ ಸುಮಾರು 40 ಬಿಲಿಯನ್ ಡಾಲರ್, ಎಕ್ಸಾನ್‌ಮೊಬಿಲ್ ಕಂಪನಿಯದು ಸುಮಾರು 56 ಬಿಲಿಯನ್ ಡಾಲರ್. ಅಳತೆಯನ್ನು ಕಿರಿದು ಮಾಡಿ ಬೆಲೆಯನ್ನು ಹಿರಿದು ಮಾಡುವ ವ್ಯಾಪಾರಿಗಳನ್ನು ಪ್ರವಾದಿ ಆಮೋಸನು ಎಂಟನೆಯ ಅಧ್ಯಾಯದಲ್ಲಿ ಹೇಗೆ ಖಂಡಿಸುತ್ತಾನೆಂಬುದನ್ನು ಓದಿ ನೋಡಿರಿ. ಕಾನೂನಿಗೆ ವಿರುದ್ಧವಲ್ಲದ ಲಾಭವೂ ಬಡವರ ಸಂಕಟದಿಂದ ಬಂದಾಗ ಅದರ ಮೇಲೊಂದು ಋಣವಿರುತ್ತದೆ. ಯೂರೋಪ್ ಒಕ್ಕೂಟವು 2022ರ ಸೆಪ್ಟೆಂಬರಿನಲ್ಲಿ ಇಂಧನ ಕಂಪನಿಗಳ ಮಿತಿಮೀರಿದ ಲಾಭದ ಮೇಲೆ ಶೇಕಡಾ 33ರ ವಂತಿಗೆ ಹಾಕಲು ಒಪ್ಪಿ, ಅದನ್ನು ಒಗ್ಗಟ್ಟಿನ ವಂತಿಗೆ ಎಂದೇ ಕರೆಯಿತು. ಸಂಗ್ರಹವಾದ ಹಣವನ್ನು ಬಿಲ್ಲು ಕಟ್ಟಲಾಗದ ಕುಟುಂಬಗಳ ನೆರವಿಗೂ ಬಳಸಬಹುದಾಗಿತ್ತು.

ಆದುದರಿಂದ ಪ್ರಿಯರೇ, "ಎಲ್ಲರೂ ಸಹಿಸಿಕೊಳ್ಳಲಿ" ಎಂದು ಹೇಳುವ ಮೊದಲು ಯಾರ ಬಟ್ಟಲಿನ ಬಗ್ಗೆ ಮಾತಾಡುತ್ತಿದ್ದೇವೆ ಎಂದು ನೋಡಬೇಕು. ಕಾರಿರುವವನಿಗೆ ಏರಿದ ಬೆಲೆ ಒಂದು ಕಿರಿಕಿರಿ. ಆಟೋ ಓಡಿಸುವವನಿಗೆ ಅದು ಮಗುವಿನ ಶಾಲಾ ಫೀಸು. ಸೀಮೆಎಣ್ಣೆಯ ಎಂಜಿನ್ ಕಟ್ಟಿಕೊಂಡು ನಾಡದೋಣಿಯಲ್ಲಿ ಕಡಲಿಗಿಳಿಯುವ ಮೀನುಗಾರನಿಗೆ ಅದು ಇಂದು ದೋಣಿ ಇಳಿಸಲೋ ಬೇಡವೋ ಎಂಬ ಪ್ರಶ್ನೆ.

ಸಂತ ಪೌಲನ ಎರಡು ಮಾತು

ಗಲಾತ್ಯರಿಗೆ ಬರೆದ ಪತ್ರದ ಆರನೆಯ ಅಧ್ಯಾಯದಲ್ಲಿ ಸಂತ ಪೌಲನು ಒಬ್ಬರ ಭಾರವನ್ನೊಬ್ಬರು ಹೊರಬೇಕೆಂದು ಹೇಳಿ, ಮೂರು ವಚನಗಳ ನಂತರ ತನ್ನ ಹೊರೆಯನ್ನು ತಾನೇ ಹೊರಬೇಕೆಂದೂ ಹೇಳುತ್ತಾನೆ. ಇವು ಪರಸ್ಪರ ವಿರುದ್ಧವೆಂದು ತೋರಬಹುದು. ಆದರೆ ಮನೆಯಲ್ಲಿ ನಾವು ಮಾಡುವುದೂ ಹೀಗೆಯೇ ಅಲ್ಲವೇ? ತನ್ನ ಕೈಲಾಗುವ ಚೀಲವನ್ನು ತಾನೇ ಹೊತ್ತುಕೊಂಡು, ಅಜ್ಜಿಯ ಚೀಲಕ್ಕೂ ಕೈ ಕೊಡುವ ಮಗನನ್ನು ಒಳ್ಳೆಯ ಮಗನೆನ್ನುತ್ತೇವೆ. ಯುದ್ಧಕಾಲದ ಬೆಲೆಯ ವಿಷಯದಲ್ಲೂ ಇದೇ ನಿಯಮ: ನನ್ನ ಪಾಲಿನ ಕಷ್ಟವನ್ನು ಗೊಣಗದೆ ಹೊರುತ್ತೇನೆ; ಬಡವನ ಪಾಲಿನದನ್ನು ಹಗುರಮಾಡುತ್ತೇನೆ. ಮೊದಲನೆಯದನ್ನು ಬಿಟ್ಟರೆ ಅದು ಸ್ವಾರ್ಥ. ಎರಡನೆಯದನ್ನು ಬಿಟ್ಟರೆ ನಮ್ಮ ಸಹನೆ ಫರಿಸಾಯರ ಉಪವಾಸದಂತಾಗುತ್ತದೆ.

ಒಗ್ಗಟ್ಟೆಂದರೆ ದೂರದವರ ದುಃಖಕ್ಕೆ ಮೇಲೆಮೇಲೆ ಮರುಗುವುದಲ್ಲ, ಎಲ್ಲರ ಹಿತಕ್ಕಾಗಿ ದುಡಿಯುವ ದೃಢ ಸಂಕಲ್ಪವೆಂದು ಜಗದ್ಗುರು ಎರಡನೆಯ ಜಾನ್ ಪೌಲರು 1987ರ ತಮ್ಮ ವಿಶ್ವಪತ್ರದಲ್ಲಿ ಬೋಧಿಸಿದರು. ಹಾಗೆಂದು ಬೆಲೆಯನ್ನು ಸಹಿಸುವುದೆಂದರೆ ಯುದ್ಧವನ್ನು ಒಪ್ಪಿಕೊಳ್ಳುವುದಲ್ಲ. ಅದೇ ಜಗದ್ಗುರುಗಳು 1991ರ ಕೊಲ್ಲಿ ಯುದ್ಧವನ್ನು ತಡೆಯಲು ಕೊನೆಯ ಗಳಿಗೆಯವರೆಗೂ ಎರಡೂ ಕಡೆಯ ನಾಯಕರನ್ನು ಬೇಡಿಕೊಂಡಿದ್ದರು.

ಸರಕಾರ ಎಲ್ಲಿಂದ ಎಣ್ಣೆ ಕೊಳ್ಳಬೇಕೆಂಬ ವಿಷಯದಲ್ಲಿ ಒಳ್ಳೆಯ ಕ್ರೈಸ್ತರಲ್ಲೂ ಭಿನ್ನಾಭಿಪ್ರಾಯವಿರಬಹುದು. 2022ರ ಯುದ್ಧಕ್ಕೆ ಮೊದಲು ಭಾರತವು ಕೊಳ್ಳುತ್ತಿದ್ದ ತೈಲದಲ್ಲಿ ರಷ್ಯಾದ ಪಾಲು ಬಹಳ ಅಲ್ಪವಾಗಿತ್ತು. 2023ರಲ್ಲಿ ಅದು ಮೂರನೆಯ ಒಂದು ಭಾಗವನ್ನೂ ದಾಟಿತು. ಬಡವರಿರುವ ದೇಶ ಅಗ್ಗದ ಎಣ್ಣೆ ಕೊಳ್ಳುವುದು ಕರ್ತವ್ಯವೆಂದು ಕೆಲವರು, ಆ ಅಗ್ಗದ ಎಣ್ಣೆಯಲ್ಲಿ ರಕ್ತದ ಕಲೆ ಇದೆಯೆಂದು ಕೆಲವರು ವಾದಿಸಿದರು. ಎರಡು ವಾದಗಳಲ್ಲೂ ಹುರುಳಿದೆ. ಆದರೆ ಅಗ್ಗದ ಬೆಲೆಯ ಹೆಸರಿನಲ್ಲಿ ದೂರದವರ ಸಾವನ್ನು ಮರೆಯುವುದಕ್ಕಾಗಲಿ, ದೂರದವರ ಹೆಸರಿನಲ್ಲಿ ಪಕ್ಕದ ಮನೆಯ ಹಸಿವನ್ನು ಮರೆಯುವುದಕ್ಕಾಗಲಿ ಶುಭಸಂದೇಶದಲ್ಲಿ ಅನುಮತಿ ಇಲ್ಲ.

ನಮ್ಮ ಮನೆಯಲ್ಲಿ ಏನು ಮಾಡೋಣ?

ಬೆಲೆ ಏರಿದ ದಿನಗಳಲ್ಲಿ ನಾವು ಮಾಡಬಹುದಾದ ಕೆಲವು ಕೆಲಸಗಳು ಇವು:

1. ನಡೆದು ಹೋಗಬಹುದಾದಲ್ಲಿಗೆ ನಡೆಯೋಣ. ಭಾನುವಾರದ ಬಲಿಪೂಜೆಗೆ ಕಾರಿನಲ್ಲಿ ಹೋಗುವುದಾದರೆ ನೆರೆಮನೆಯ ವೃದ್ಧರನ್ನೂ ಕರೆದುಕೊಂಡು ಹೋಗೋಣ.

2. ನಾಳೆ ಬೆಲೆ ಏರುತ್ತದೆಂಬ ಸುದ್ದಿ ಕೇಳಿ ಕ್ಯಾನುಗಳಲ್ಲಿ ಎಣ್ಣೆ ತುಂಬಿಸಿಡುವುದು ಬೇಡ. ಅದು ಅಪಾಯಕರ, ಮೇಲಾಗಿ ಕೊರತೆಯನ್ನು ಹೆಚ್ಚಿಸುತ್ತದೆ.

3. ಮೀನು, ತರಕಾರಿ ಹೊತ್ತು ತರುವವರೊಂದಿಗೆ, ಆಟೋದವರೊಂದಿಗೆ ಆ ದಿನಗಳಲ್ಲಿ ಎರಡು ರೂಪಾಯಿಗಾಗಿ ಚೌಕಾಸಿ ಮಾಡದಿರೋಣ. ಮನೆಗೆಲಸಕ್ಕೆ ಬರುವವರ ಬಸ್ಸಿನ ಖರ್ಚು ಹೆಚ್ಚಿದೆಯೇ ಎಂದು ನಾವೇ ವಿಚಾರಿಸೋಣ.

4. ಬಳಕೆ ತಗ್ಗಿಸಿ ಉಳಿಸಿದ ಹಣದಲ್ಲಿ ಒಂದು ಪಾಲನ್ನು ಧರ್ಮಕೇಂದ್ರದ ಸಂತ ವಿನ್ಸೆಂಟ್ ದೆ ಪೌಲ್ ಸಭೆಗೋ, ನಮಗೆ ಗೊತ್ತಿರುವ ಬಡ ಕುಟುಂಬಕ್ಕೋ ಕೊಡೋಣ.

5. ರಾತ್ರಿಯ ಜಪಸರದ ಒಂದು ರಹಸ್ಯವನ್ನು ಯುದ್ಧದಲ್ಲಿ ನರಳುವವರಿಗಾಗಿ, ಎರಡೂ ಕಡೆಯ ತಾಯಂದಿರಿಗಾಗಿ ಅರ್ಪಿಸೋಣ.

ಕುಟುಂಬದಲ್ಲಿ ಚರ್ಚಿಸಲು

ಅ. ದಾವೀದನು ನೀರನ್ನು ಸುರಿದದ್ದು ವ್ಯರ್ಥವಾಯಿತೇ? ಆ ಮೂವರು ವೀರರಿಗೆ ಏನನ್ನಿಸಿರಬಹುದು?

ಆ. ನಾವು ಅಗ್ಗವಾಗಿ ಕೊಳ್ಳುವ ಯಾವ ವಸ್ತುವಿನ ಬೆಲೆಯನ್ನು ಬೇರೆ ಯಾರೋ ತೆರುತ್ತಿದ್ದಾರೆ?

ಇ. ಬೆಲೆ ಏರಿದಾಗ ನಮ್ಮ ಮನೆಯಲ್ಲಿ ಮೊದಲು ಕಡಿಮೆಯಾಗುವುದು ಯಾವುದು: ನಮ್ಮ ಸುಖವೋ, ನಾವು ಇತರರಿಗೆ ಕೊಡುವುದೋ?

ಮೂರನೆಯ ಪ್ರಶ್ನೆಗೆ ಮಕ್ಕಳೇ ಮೊದಲು ಉತ್ತರ ಹೇಳಲಿ. ಅವರು ನಮಗಿಂತ ಚೆನ್ನಾಗಿ ಗಮನಿಸಿರುತ್ತಾರೆ.

ಪ್ರಾರ್ಥನೆ

ಓ ಪ್ರಭುವೇ, ನಮ್ಮ ಕೈಗೆ ಬರುವ ಪ್ರತಿಯೊಂದು ವಸ್ತುವಿನ ಹಿಂದೆ ಯಾರ ದುಡಿಮೆ, ಯಾರ ಕಣ್ಣೀರು ಇದೆಯೆಂದು ಕಾಣುವ ಕಣ್ಣನ್ನು ನಮಗೆ ಕೊಡಿರಿ. ನಮ್ಮ ಪಾಲಿನ ಕಷ್ಟವನ್ನು ಹೊರುವ ಬಲವನ್ನೂ, ಬಡವರ ಪಾಲಿನದನ್ನು ಹಂಚಿಕೊಳ್ಳುವ ಮನಸ್ಸನ್ನೂ ದಯಪಾಲಿಸಿರಿ. ಕಾದಾಡುವ ನಾಡುಗಳಿಗೆ ನಿಮ್ಮ ಶಾಂತಿಯನ್ನು ಅನುಗ್ರಹಿಸಿರಿ. ಆಮೆನ್.