‘ಗೊತ್ತಿಲ್ಲ’ ಎಂದು ನಿಲ್ಲಿಸಬೇಡಿ

ಪ್ರಶ್ನೆ: ನಾನು ಹಳಿಯಾಳದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ. ಅಂಕಗಳು ಚೆನ್ನಾಗಿವೆ. ಕ್ಯಾಂಪಸ್ ಸಂದರ್ಶನದಲ್ಲಿ ‘ನಿಮ್ಮ ತಾಲ್ಲೂಕಿನಲ್ಲಿ ಎಷ್ಟು ಪಂಕ್ಚರ್ ಅಂಗಡಿಗಳಿರಬಹುದು?’ ಎಂದು ಕೇಳಿದರು. ‘ಗೊತ್ತಿಲ್ಲ ಸರ್’ ಅಂದುಬಿಟ್ಟೆ. ಕೆಲಸ ಸಿಗಲಿಲ್ಲ. ಎಂಜಿನಿಯರ್ ಆಗುವ ಬುದ್ಧಿಯೇ ನನಗಿಲ್ಲವೇ ಮೇಡಂ?
– ಹೆಸರು ಬೇಡ, ಜೋಯಿಡಾ

ಉತ್ತರ: ಬುದ್ಧಿ ಖಂಡಿತ ಇದೆ. ಇಂಥ ಪ್ರಶ್ನೆ ಎದುರಿಸುವ ರೂಢಿ ಇಲ್ಲ, ಅಷ್ಟೇ. ಅಂಗಡಿಗಳ ಸಂಖ್ಯೆ ಕೇಳಿದವರಿಗೂ ಗೊತ್ತಿರುವುದಿಲ್ಲ. ಗೊತ್ತಿರುವ ನಾಲ್ಕು ಸಂಗತಿಗಳನ್ನು ಹಿಡಿದು ಗೊತ್ತಿಲ್ಲದ್ದರ ಹತ್ತಿರ ಹೇಗೆ ಹೋಗುತ್ತೀರಿ ಎಂಬುದನ್ನು ಅವರು ನೋಡುತ್ತಾರೆ. 1945ರಲ್ಲಿ ಮೊದಲ ಅಣುಬಾಂಬ್ ಪರೀಕ್ಷೆಯ ದಿನ ಭೌತವಿಜ್ಞಾನಿ ಎನ್ರಿಕೊ ಫರ್ಮಿ ಕಾಗದದ ಚೂರುಗಳನ್ನು ಕೈಬಿಟ್ಟು, ಅವು ಹಾರಿಬಿದ್ದ ದೂರದಿಂದಲೇ ಸ್ಫೋಟದ ಬಲವನ್ನು ಅಂದಾಜಿಸಿದ್ದರು.

ನಿಮ್ಮ ಕಾಳಿ ನದಿಯನ್ನೇ ತೆಗೆದುಕೊಳ್ಳಿ. ನಾಗಝರಿ ವಿದ್ಯುದಾಗಾರದಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಎಷ್ಟು ಕೊಡ ನೀರು ಬೇಕು? ಬೊಮ್ಮನಹಳ್ಳಿ ಜಲಾಶಯದಿಂದ ನೀರು ಸುಮಾರು 350 ಮೀಟರ್ ಕೆಳಗಿಳಿಯುತ್ತದೆ. ಒಂದು ಲೀಟರ್ ಅಷ್ಟು ಇಳಿದರೆ ಹೆಚ್ಚುಕಡಿಮೆ 3,400 ಜೂಲ್. ಒಂದು ಯೂನಿಟ್ ಎಂದರೆ 36 ಲಕ್ಷ ಜೂಲ್. ಭಾಗಿಸಿದರೆ 1,060 ಲೀಟರ್. ಕೊಳವೆ, ಟರ್ಬೈನ್, ಜನರೇಟರ್‌ಗಳಲ್ಲಿ ಆಗುವ ನಷ್ಟ ಸೇರಿಸಿ 1,200 ಅನ್ನೋಣ. ಹದಿನೈದು ಲೀಟರಿನ ಕೊಡವಾದರೆ ಎಂಬತ್ತು ಕೊಡ! ಉತ್ತರ ಎರಡೇ ಕೊಡ ಎಂದು ಬಂದಿದ್ದರೆ, ಎಲ್ಲೋ ಸೊನ್ನೆ ತಪ್ಪಿದೆ ಎಂಬ ಅನುಮಾನ ನಿಮಗೇ ಬರಬೇಕು. ಅಷ್ಟು ಕಡಿಮೆ ನೀರು ಸಾಕಾಗಿದ್ದರೆ ಅದೇ ನದಿಗೆ ಸೂಪಾದಲ್ಲಿ 101 ಮೀಟರ್ ಎತ್ತರದ ಅಣೆಕಟ್ಟು ಯಾಕೆ ಬೇಕಿತ್ತು? ಈ ಅನುಮಾನವೇ ಎಂಜಿನಿಯರಿನ ಗುಣ.

ಇನ್ನು ಮುಂದೆ ‘ನಿಖರವಾಗಿ ಗೊತ್ತಿಲ್ಲ ಸರ್, ಅಂದಾಜು ಮಾಡುತ್ತೇನೆ’ ಎಂದು ಹೇಳಿ ಹಾಳೆ ಕೇಳಿ. ಏನನ್ನು ಊಹಿಸಿಕೊಂಡಿರಿ ಎಂಬುದನ್ನು ಬಾಯಿಬಿಟ್ಟು ಹೇಳಿ. ಪಂಕ್ಚರ್ ಅಂಗಡಿಯ ಲೆಕ್ಕಕ್ಕೆ ತಾಲ್ಲೂಕಿನ ಜನಸಂಖ್ಯೆ, ಮನೆಗೆಷ್ಟು ಬೈಕು, ಒಂದು ಟೈರು ವರ್ಷಕ್ಕೆಷ್ಟು ಸಲ ಪಂಕ್ಚರ್, ಒಬ್ಬರು ದಿನಕ್ಕೆಷ್ಟು ಹಾಕಬಲ್ಲರು, ಇಷ್ಟು ಸಾಕು.

ಹಾಗೆಂದು ಒಂದು ಒಗಟಿನಿಂದ ನಿಮ್ಮ ಬೆಲೆ ಕಟ್ಟಿಕೊಳ್ಳಬೇಡಿ. ಗೂಗಲ್‌ನಲ್ಲಿ ನೇಮಕಾತಿಯ ಹೊಣೆ ಹೊತ್ತಿದ್ದ ಲಾಸ್ಲೋ ಬಾಕ್ 2013ರಲ್ಲಿ, ಇಂಥ ತಲೆಕೆರೆತದ ಪ್ರಶ್ನೆಗಳಿಂದ ಅಭ್ಯರ್ಥಿ ಮುಂದೆ ಹೇಗೆ ಕೆಲಸ ಮಾಡುತ್ತಾರೆಂದು ತಿಳಿಯುವುದಿಲ್ಲ ಎಂದೇ ಹೇಳಿದ್ದರು. ಆದ್ದರಿಂದ ವರ್ಕ್‌ಶಾಪ್, ಪ್ರಾಜೆಕ್ಟ್ ಕೆಲಸ ಬಿಡಬೇಡಿ. ಜೊತೆಗೆ ಗೆಳತಿಯ ಎದುರು ಕೂತು ವಾರಕ್ಕೊಂದೆರಡು ಲೆಕ್ಕ ಹಾಕಿ: ದಾಂಡೇಲಿ ಗಿರಣಿಯ ಒಂದು ಟನ್ ಕಾಗದದಲ್ಲಿ ಎಷ್ಟು ನೋಟ್‌ಬುಕ್? ಮುಂಡಗೋಡದ ಒಂದು ಕೆರೆ ಎಷ್ಟು ಎಕರೆ ಭತ್ತಕ್ಕೆ ಸಾಕು? ತಪ್ಪಾದರೆ ಯಾವ ಊಹೆ ಕೈಕೊಟ್ಟಿತು ಎಂದು ಹುಡುಕಿ, ಮತ್ತೆ ಹಾಕಿ.