ಮೀಸೆಮೀನು, ಎರೆ ಮತ್ತು ಗಾಳ

ಒಂದೇ ಕೆರೆಯ ದಂಡೆಯಲ್ಲಿ ಇಬ್ಬರು ಗಾಳ ಹಾಕಿ ಕುಳಿತಿರುತ್ತಾರೆ. ಒಬ್ಬನ ಬುಟ್ಟಿ ತುಂಬುತ್ತದೆ. ನಾಲ್ಕು ಮಾರು ಆಚೆಗಿರುವ ಇನ್ನೊಬ್ಬನು ಬರಿಗೈಯಲ್ಲಿ ಮನೆಗೆ ಮರಳುತ್ತಾನೆ. ಜನರು ಇದನ್ನು ‘ಕೈಗುಣ’ವೆಂದು ಕರೆಯುವುದುಂಟು. ಆದರೆ ಪರೀಕ್ಷಿಸಿ ನೋಡಿದರೆ ಈ ಕೈಗುಣದ ಬಹುಭಾಗವು ಭೌತವಿಜ್ಞಾನದ ಕೆಲವು ಸರಳ ನಿಯಮಗಳೇ ಆಗಿರುವುದು ಗೊತ್ತಾಗುತ್ತದೆ. ಮೀಸೆಮೀನನ್ನು ಹಿಡಿಯುವ ಎರೆ ಮತ್ತು ಸಾಧನಗಳನ್ನು ಈ ನಿಯಮಗಳ ಬೆಳಕಿನಲ್ಲಿ ವಿವೇಚಿಸೋಣ.

ವಿಷಯವು ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸುಮಾರು 1130ರಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ‘ಮತ್ಸ್ಯವಿನೋದ’ವೆಂಬ ಒಂದು ಭಾಗವೇ ಇದೆ. ಮೀನಿನ ಜಾತಿಗಳು, ಅವುಗಳಿಗೆ ಒಗ್ಗುವ ಆಹಾರ, ಗಾಳದ ಕೋಲು, ದಾರ ಇವೆಲ್ಲ ಅಲ್ಲಿ ಚರ್ಚೆಗೆ ಬಂದಿವೆ. ಪ್ರಾಣಿಶಾಸ್ತ್ರಜ್ಞ ಸುಂದರಲಾಲ ಹೋರಾ ಅವರು 1951ರಲ್ಲಿ ಈ ಭಾಗವನ್ನು ಕುರಿತು ಬರೆದು ವಿಜ್ಞಾನಿಗಳ ಗಮನವನ್ನು ಸೆಳೆದರು. ಅಸುಂಡಿ, ಲಕ್ಷ್ಮೇಶ್ವರ, ಡಂಬಳ ಮೊದಲಾದ ಊರುಗಳಿರುವ ಇಂದಿನ ಗದಗ ಸೀಮೆಯು ಆ ದೊರೆಯ ರಾಜ್ಯದಲ್ಲಿಯೇ ಸೇರಿತ್ತು.

ನಮ್ಮ ಮೀಸೆಮೀನುಗಳು

ಬಾಯಿಯ ಸುತ್ತ ಮೀಸೆಗಳುಳ್ಳ, ಹುರುಪೆಯಿಲ್ಲದ ನುಣುಪು ಮೈಯ ಮೀನುಗಳೇ ಮೀಸೆಮೀನುಗಳು. ಇವುಗಳಲ್ಲಿ ಮೂರನ್ನು ಮುಖ್ಯವಾಗಿ ತಿಳಿದಿರಬೇಕು. ಬಾಳೆಮೀನು ನದಿಯಲ್ಲಿಯೂ ದೊಡ್ಡ ಜಲಾಶಯಗಳಲ್ಲಿಯೂ ಒಂದು ಮೀಟರಿಗೂ ಮಿಗಿಲಾಗಿ ಬೆಳೆಯಬಲ್ಲ ಹೊಟ್ಟೆಬಾಕ. ಇತರ ಮೀನುಗಳೇ ಇದರ ಮುಖ್ಯ ಆಹಾರ. ಮುರುಗೋಡು ಮತ್ತು ಚೇಳುಮೀನು ಕೆಸರಿನ ನಿವಾಸಿಗಳು. ಕಿವಿರುಗಳ ಜೊತೆಗೆ ಗಾಳಿಯನ್ನೇ ಉಸಿರಾಡುವ ಅಂಗವೂ ಇವಕ್ಕಿರುವುದರಿಂದ, ಬೇಸಿಗೆಯಲ್ಲಿ ಕೆರೆ ಬತ್ತಿ ನೀರು ಕೆಟ್ಟರೂ ಇವು ಜೀವ ಹಿಡಿದುಕೊಂಡಿರುತ್ತವೆ.

ನಾಲಿಗೆಯಾದ ಮೈ

ಕೆಂಪು ನೀರಿನ ಕೆರೆಯಲ್ಲಿ, ಅದೂ ರಾತ್ರಿಯಲ್ಲಿ ಮೇಯುವ ಈ ಮೀನುಗಳಿಗೆ ಕಣ್ಣಿನಿಂದಾಗುವ ಉಪಯೋಗವು ಸ್ವಲ್ಪ. ರುಚಿಯನ್ನು ಅರಿಯುವ ಮೊಗ್ಗುಗಳು ಮನುಷ್ಯನಿಗೆ ಬಾಯಿಯೊಳಗೆ ಮಾತ್ರ ಇದ್ದರೆ, ಮೀಸೆಮೀನಿಗೆ ಮೀಸೆಗಳ ಮೇಲೂ ಮೈಯ ಚರ್ಮದ ಮೇಲೂ ಹರಡಿವೆ. ಅಮೆರಿಕದ ಒಂದು ಜಾತಿಯಲ್ಲಿ ಇವುಗಳ ಸಂಖ್ಯೆ ಲಕ್ಷವನ್ನು ಮೀರುತ್ತದೆ. ಇಡೀ ಮೀನೇ ಈಜಾಡುವ ಒಂದು ನಾಲಿಗೆಯೆಂದರೆ ಅತಿಶಯೋಕ್ತಿಯಾಗದು.

ಈ ನಾಲಿಗೆ ಎಷ್ಟು ಸೂಕ್ಷ್ಮವಾದುದು? ಜಾನ್ ಕ್ಯಾಪ್ರಿಯೊ ಎಂಬ ವಿಜ್ಞಾನಿ 1975ರಲ್ಲಿ ಅಮೆರಿಕದ ಇನ್ನೊಂದು ಮೀಸೆಮೀನಿನ ರುಚಿನರಗಳನ್ನು ಪರೀಕ್ಷಿಸಿದನು. ಅಲನಿನ್ ಎಂಬ ಅಮೈನೊ ಆಮ್ಲವು ಒಂದು ಲೀಟರ್ ನೀರಿನಲ್ಲಿ ಮೋಲಿನ ನೂರುಕೋಟಿಯ ಒಂದಂಶದಷ್ಟಿದ್ದರೂ ಆ ನರಗಳು ಮಿಡಿಯುತ್ತವೆಂದು ಕಂಡುಬಂತು. ಲೆಕ್ಕ ಹಾಕಿರಿ: 125 ಎಕರೆ ಹರವಿನ, 2 ಮೀಟರ್ ಆಳದ ಕೆರೆಯಲ್ಲಿ ಸುಮಾರು 100 ಕೋಟಿ ಲೀಟರ್ ನೀರಿರುತ್ತದೆ. ಅದರಲ್ಲಿ 90 ಗ್ರಾಂ ಅಲನಿನ್ ಸಮವಾಗಿ ಕರಗಿದರೆ ಇಷ್ಟು ಸಾಂದ್ರತೆ ಬರುತ್ತದೆ!

ಅಮೈನೊ ಆಮ್ಲಗಳು ಮಾಂಸ, ಹುಳು, ಮೀನುಗಳಿಂದ ನೀರಿಗೆ ಸೋರುವ ಪದಾರ್ಥಗಳು. ಆದ್ದರಿಂದ ಮುರುಗೋಡು, ಚೇಳುಮೀನುಗಳಿಗೆ ಎರೆಹುಳುವೂ ಕೋಳಿಯ ಕರುಳು, ಈಲಿಗಳೂ ಒಳ್ಳೆಯ ಎರೆಗಳು. ಬಾಳೆಮೀನಿಗೆ ಚಿಕ್ಕ ಮೀನು ಉತ್ತಮ. ಎರೆನೆಲದ ನಾಡಿನಲ್ಲಿ ಎರೆಗೆ ಬರವಿಲ್ಲ. ಮಳೆ ಬಿದ್ದ ಮೇಲೆ ತಿಪ್ಪೆಯ ಬದಿಯನ್ನು ಅಗೆದರೆ ಹುಳುಗಳು ಸಿಗುತ್ತವೆ. ಎರೆಗೆ ಪರಿಮಳದ ಎಣ್ಣೆಯನ್ನು ಹಚ್ಚುವವರುಂಟು. ಎಣ್ಣೆ ನೀರಿನಲ್ಲಿ ಕರಗದೆ ಮೇಲಕ್ಕೆ ತೇಲಿ ಹೋಗುವುದರಿಂದ, ಆ ಪರಿಮಳ ತಲಪುವುದು ಹೆಚ್ಚಾಗಿ ಹಚ್ಚಿದವನ ಮೂಗಿಗೇ. ನೀರಿನಲ್ಲಿ ನೆನೆದು ಬಿಳಿಚಿದ ಹುಳುವಿನ ಸಾರವು ಸೋರಿಹೋಗಿರುತ್ತದೆ. ಅರ್ಧ ಗಂಟೆಗೊಮ್ಮೆಯಾದರೂ ಎರೆಯನ್ನು ಬದಲಿಸಬೇಕು.

ರುಚಿಯನ್ನು ಒಯ್ಯುವವರು ಯಾರು?

ಎರೆಯ ಸಾರವು ಮೀನಿನವರೆಗೆ ಹೇಗೆ ಹೋಗುತ್ತದೆ? ವಿಸರಣದಿಂದ ಎಂದು ವಿದ್ಯಾರ್ಥಿಗಳು ಕೂಡಲೇ ಉತ್ತರಿಸಿಯಾರು. ಆದರೆ ನಿಶ್ಚಲವಾದ ನೀರಿನಲ್ಲಿ ಅಮೈನೊ ಆಮ್ಲದ ಅಣುವೊಂದು ವಿಸರಣ ಮಾತ್ರದಿಂದ ಒಂದು ಮೀಟರ್ ದೂರವನ್ನು ಕ್ರಮಿಸಲು ಸರಾಸರಿ 15 ವರ್ಷಗಳಿಗೂ ಹೆಚ್ಚು ಕಾಲ ಬೇಕು! ಸಾರವನ್ನು ಒಯ್ಯುವುದು ನೀರಿನ ಚಲನೆಯೇ. ಹರಿಯುವ ತುಂಗಭದ್ರೆಯಲ್ಲಿ ಮೀನು ಅಡಗಿರುವ ಮಡುವಿಗಿಂತ ಮೇಲ್ಗಡೆ ಎರೆಯನ್ನು ಇಳಿಬಿಡಬೇಕೆಂಬುದು ಇದರಿಂದ ಸ್ಪಷ್ಟ.

ಕೆರೆಯ ವಿಷಯ ಸ್ವಾರಸ್ಯಕರವಾದುದು. ಪಡುವಣ ಗಾಳಿ ಬೀಸುವಾಗ ಮೇಲ್ಪದರದ ನೀರು ಮೂಡಣ ದಂಡೆಯ ಕಡೆಗೆ ನೂಕಲ್ಪಡುತ್ತದೆ. ಅಲ್ಲಿ ಕೂಡಿದ ನೀರು ತಳದ ಮೂಲಕ ಪಡುವಣಕ್ಕೆ ಹಿಂತಿರುಗುತ್ತದೆ. ಮೀಸೆಮೀನಿನ ಎರೆಯನ್ನು ತಳದಲ್ಲಿ ಇಡುತ್ತೇವಷ್ಟೆ. ಆದ್ದರಿಂದ ಗಾಳಿಗೆ ಮುಖವೊಡ್ಡಿ ಮೂಡಣ ದಂಡೆಯಲ್ಲಿ ಕುಳಿತವನ ಎರೆಯ ಸಾರವು ಕೆರೆಯ ಒಳಕ್ಕೆ, ಮೀನುಗಳತ್ತ ಹರಿಯುತ್ತದೆ. ಗಾಳಿಗೆ ಬೆನ್ನು ಹಾಕಿ ಎದುರು ದಂಡೆಯಲ್ಲಿ ಕುಳಿತವನ ಎರೆಯ ಸಾರವು ಅವನ ಕಾಲಬುಡಕ್ಕೇ ಬರುತ್ತದೆ. ಮೊದಲು ಹೇಳಿದ ಕೈಗುಣಕ್ಕೆ ಇಂತಹ ಕಾರಣಗಳೂ ಇರಬಹುದು.

ಮಾತು ಮತ್ತು ಹೆಜ್ಜೆ

ಕಾರ್ಲ್ ಫಾನ್ ಫ್ರಿಷ್ ಎಂಬ ಪ್ರಸಿದ್ಧ ವಿಜ್ಞಾನಿಯು ಕುರುಡು ಮೀಸೆಮೀನೊಂದಕ್ಕೆ ಶಿಳ್ಳೆ ಹಾಕಿದರೆ ಬರುವಂತೆ ಕಲಿಸಿ, 1923ರಲ್ಲಿ ಅದನ್ನು ಪ್ರಕಟಿಸಿದನು. ಮೀಸೆಮೀನಿನ ಶ್ರವಣ ಚುರುಕಾದುದು. ಹಾಗಾದರೆ ದಂಡೆಯಲ್ಲಿ ಮಾತನಾಡಬಾರದೆ? ಗಾಳಿಯಲ್ಲಿ ಹುಟ್ಟಿದ ಶಬ್ದವು ನೀರಿನ ಮೈಗೆ ತಗಲಿದಾಗ ಅದರ ಶಕ್ತಿಯಲ್ಲಿ ಸಾವಿರದ ಒಂದು ಪಾಲು ಮಾತ್ರ ಒಳಹೊಕ್ಕು ಉಳಿದದ್ದು ಪ್ರತಿಫಲಿಸುತ್ತದೆ. ನೆಲವನ್ನು ತುಳಿದ ಹೆಜ್ಜೆಯ ಕಂಪನಕ್ಕಾದರೋ ಇಂತಹ ತಡೆಯಿಲ್ಲ. ಅದು ಮಣ್ಣಿನ ಮೂಲಕ ನೇರವಾಗಿ ನೀರಿಗಿಳಿಯುತ್ತದೆ. ಮೆಲ್ಲಗೆ ಮಾತನಾಡಬಹುದು, ಧಪಧಪನೆ ನಡೆಯಬಾರದು.

ಮೊನೆ, ಗುಂಡು, ಕೋಲು

ಗಾಳದ ಮೊನೆಯ ಅಗಲ ಮಿಲಿಮೀಟರಿನ ಹತ್ತನೆಯ ಒಂದು ಭಾಗವಿದ್ದದ್ದು ಮೊಂಡಾಗಿ ಹತ್ತನೆಯ ಮೂರು ಭಾಗವಾಯಿತೆನ್ನೋಣ. ಆಗ ಅದರ ಕ್ಷೇತ್ರಫಲವು ಒಂಬತ್ತು ಪಟ್ಟಾಗುತ್ತದೆ. ಅದೇ ಎಳೆತಕ್ಕೆ ಒತ್ತಡವು ಒಂಬತ್ತನೆಯ ಒಂದು ಪಾಲಿಗೆ ಇಳಿಯುತ್ತದೆ. ಮೀನು ಕಚ್ಚಿಯೂ ತಪ್ಪಿಸಿಕೊಳ್ಳಲು ಇದೇ ಸಾಕು. ಗಾಳವನ್ನು ಸಣ್ಣ ಅರದಿಂದ ಆಗಾಗ ಮಸೆಯಬೇಕು.

ಎರೆಯನ್ನು ತಳಕ್ಕಿಳಿಸುವ ಗುಂಡಿಗೆ ಆರ್ಕಿಮಿಡೀಸನ ನಿಯಮವು ಅನ್ವಯಿಸುತ್ತದೆ. 50 ಗ್ರಾಂ ಕಲ್ಲು ನೀರಿನಲ್ಲಿ ಸುಮಾರು 31 ಗ್ರಾಂ ತೂಗಿದರೆ, ಅಷ್ಟೇ ಸೀಸವು 45 ಗ್ರಾಮಿಗೂ ಹೆಚ್ಚು ತೂಗುತ್ತದೆ. ಆದರೆ ಸೀಸವು ವಿಷಪದಾರ್ಥ. ನೀರುಹಕ್ಕಿಗಳು ಅದನ್ನು ನುಂಗಿ ಸಾಯುವುದುಂಟು. ಸುಮಾರು 44 ಗ್ರಾಂ ತೂಗುವ ಕಬ್ಬಿಣದ ನಟ್ಟು ಇದ್ದರೆ ಸಾಕು. ದಾರವು ಅದರ ತೂತಿನಲ್ಲಿ ಸಲೀಸಾಗಿ ಜಾರುವಂತಿದ್ದರೆ ಮೀನಿಗೆ ಗುಂಡಿನ ಭಾರವು ತಿಳಿಯದು. ಬಾಳೆಮೀನಿನ ಹಲ್ಲುಗಳು ನೈಲಾನ್ ದಾರವನ್ನು ಕತ್ತರಿಸಬಲ್ಲವಾದ್ದರಿಂದ ಗಾಳದ ಬಳಿ ಒಂದು ಗೇಣು ಉಕ್ಕಿನ ತಂತಿಯನ್ನು ಕಟ್ಟುವುದು ಅವಶ್ಯ.

ಕೋಲು ಬಾಗಬೇಕೇಕೆ? 3 ಕಿಲೋಗ್ರಾಂ ಮೀನು ಸೆಕೆಂಡಿಗೆ 2 ಮೀಟರ್ ವೇಗದಿಂದ ಓಡಿದರೆ ಅದರ ಚಲನಶಕ್ತಿ 6 ಜೂಲ್. ಬಾಗದ ಕೋಲಿನಿಂದ ಅದನ್ನು 2 ಸೆಂಟಿಮೀಟರಿನಲ್ಲಿ ತಡೆದರೆ ದಾರದ ಮೇಲೆ ಬೀಳುವ ಸರಾಸರಿ ಬಲ 300 ನ್ಯೂಟನ್, ಎಂದರೆ ಸುಮಾರು 30 ಕಿಲೋಗ್ರಾಂ ಭಾರ. ಬಿದಿರು 60 ಸೆಂಟಿಮೀಟರ್ ಬಾಗಿ ತಡೆದರೆ ಕೇವಲ 10 ನ್ಯೂಟನ್, ಒಂದು ಕಿಲೋಗ್ರಾಂ ಭಾರ. ಅದೇ ಮೀನು, ಅದೇ ದಾರ. ಉಳಿಸಿದ್ದು ಬಾಗುವ ಗುಣ. ನೀರಿನಲ್ಲಿ ಮೀನಿನ ತೂಕವನ್ನು ನೀರೇ ಹೊರುತ್ತದೆ, ಹೊರಗೆತ್ತಿದೊಡನೆ ಅದೆಲ್ಲ ದಾರದ ಮೇಲೆ ಬೀಳುತ್ತದೆ. ಆದ್ದರಿಂದ ಕಡೆಯಲ್ಲಿ ಕೈಬಲೆಯಿಂದ ಎತ್ತುವುದೇ ಸರಿ. ಚೇಳುಮೀನಿನ ಪಕ್ಕದ ಮುಳ್ಳುಗಳಲ್ಲಿ ವಿಷವಿದೆ, ಬರಿಗೈಯಿಂದ ಹಿಡಿಯಬಾರದು.

ವಿದ್ಯುತ್ತಿನ ವಿಷಯ

ಮೀಸೆಮೀನಿಗೆ ಇನ್ನೊಂದು ಇಂದ್ರಿಯವೂ ಇದೆ. ಪಾರ್ಕರ್ ಮತ್ತು ವಾನ್ ಹ್ಯೂಸೆನ್ ಎಂಬವರು 1917ರಲ್ಲಿ, ಕಣ್ಣು ಕಟ್ಟಿದ ಮೀಸೆಮೀನು ನೀರಿನಲ್ಲಿಳಿಸಿದ ಗಾಜಿನ ಕಡ್ಡಿಯನ್ನು ಲೆಕ್ಕಿಸದೆ, ಲೋಹದ ಕಡ್ಡಿಯನ್ನು ದೂರದಿಂದಲೇ ಗುರುತಿಸುವುದನ್ನು ವರದಿ ಮಾಡಿದರು. ಲೋಹದಿಂದ ನೀರಿನಲ್ಲಿ ಹುಟ್ಟುವ ಅತ್ಯಲ್ಪ ವಿದ್ಯುತ್ತೇ ಇದಕ್ಕೆ ಕಾರಣ. ಇಷ್ಟು ಸೂಕ್ಷ್ಮ ಜೀವಿಯಿರುವ ನೀರಿಗೆ ಕಂಬದ ತಂತಿಯಿಂದ 230 ವೋಲ್ಟನ್ನು ಹಾಯಿಸಿ ಮೀನು ಹಿಡಿಯಲೆತ್ತಿಸುವವರಿದ್ದಾರೆ. ಆ ವಿದ್ಯುತ್ತು ಮೀನಿಗೂ ಮನುಷ್ಯನಿಗೂ ಭೇದವೆಣಿಸದು. ಒದ್ದೆ ಮೈಯ ಚರ್ಮದ ತಡೆ ಬಹಳ ಕಡಿಮೆ. ಒಂದು ಆಂಪೇರಿನ ಹತ್ತನೆಯ ಒಂದು ಭಾಗವು ಎದೆಯ ಮೂಲಕ ಹರಿದರೆ ಹೃದಯವು ನಿಂತುಹೋಗಬಹುದು. ಮೀನನ್ನು ಎತ್ತಲು ಇಳಿದವನೇ ಹೆಣವಾಗಿ ತೇಲಿದ ಘಟನೆಗಳು ಪತ್ರಿಕೆಗಳಲ್ಲಿ ಬಂದಿವೆ. ಅಂತೆಯೇ ವಿದ್ಯುತ್ ತಂತಿಗಳ ಕೆಳಗೆ ಉದ್ದನೆಯ ಕೋಲನ್ನೆತ್ತುವುದೂ ಅಪಾಯಕರ. ಕಾರ್ಬನ್ ಎಳೆಯ ಕೋಲು ಒಳ್ಳೆಯ ವಾಹಕ. ಒದ್ದೆಯಾದ ಬಿದಿರನ್ನೂ ನಂಬಲಾಗದು. ಸಿಡಿಮದ್ದು ಮತ್ತು ವಿಷಗಳನ್ನಾದರೋ 1897ರ ಭಾರತೀಯ ಮೀನುಗಾರಿಕೆ ಕಾಯಿದೆಯೇ ನಿಷೇಧಿಸಿತು.

ನಾಳೆಯ ಮೀನು

ಹೆಚ್ಚು ಮೀನು ಹಿಡಿಯುವ ಉಪಾಯಗಳಲ್ಲಿ ಕೊನೆಯದು, ನಾಳೆಗೆ ಮೀನನ್ನು ಉಳಿಸುವುದು. ಈ ಮೀನುಗಳು ಮೊಟ್ಟೆಯಿಡುವುದು ಮಳೆಗಾಲದಲ್ಲಿ. ಆಗ ಗಾಳಕ್ಕೆ ಸಿಕ್ಕ ಬಸಿರ ಮೀನನ್ನು ನೀರಿಗೆ ಬಿಡಬೇಕು. ಬಾಳೆಮೀನು ಜಗತ್ತಿನ ಅಪಾಯಕ್ಕೀಡಾದ ಜೀವಿಗಳ ಪಟ್ಟಿಯನ್ನು ಸೇರಿದೆ. ಕೆರೆಗಳಿಗೆ ಗುತ್ತಿಗೆದಾರರಿರುವುದರಿಂದ ಅನುಮತಿ ಪಡೆಯುವುದು ಅಗತ್ಯ. ಶಿರಹಟ್ಟಿ ಸೀಮೆಯ ಮಾಗಡಿ ಕೆರೆಯು 2024ರಲ್ಲಿ ರಾಮ್ಸಾರ್ ತಾಣವಾಗಿ ಘೋಷಿತವಾದ ಹಕ್ಕಿಗಳ ನೆಲೆ. ಅಲ್ಲಿ ಗಾಳದ ಬದಲು ದುರ್ಬೀನನ್ನು ಒಯ್ಯುವುದು ಉಚಿತ.

ಹೊಸ ಎರೆ, ಚೂಪಾದ ಮೊನೆ, ಬಾಗುವ ಕೋಲು, ಗಾಳಿಯ ದಿಕ್ಕಿನ ಅರಿವು, ಹಗುರ ಹೆಜ್ಜೆ: ಇವು ಯಾರಿಗೂ ನಿಲುಕದ ಸಾಧನಗಳಲ್ಲ. ಮುಂದಿನ ಸಲ ಕೆರೆಗೆ ಹೋದಾಗ ಓದುಗರು ಒಂದೊಂದನ್ನೇ ಬದಲಿಸಿ, ಸಿಕ್ಕ ಮೀನುಗಳನ್ನು ಎಣಿಸಿ ಬರೆದಿಟ್ಟುಕೊಳ್ಳಲಿ. ಪ್ರಯೋಗಶಾಲೆಯಲ್ಲಿ ನಾವು ಮಾಡುವುದೂ ಇದನ್ನೇ.